ಆ ₹99 ಯಾರ ಅಕೌಂಟಿಂದ ಹೋಗ್ತಿದೆ?

1/10

ಮೊದಲು ಪ್ಲೇ ಸ್ಟೋರ್ ತೆಗೀರಿ. ಮೇಲೆ ಬಲಗಡೆ ನಿಮ್ಮ ಪ್ರೊಫೈಲ್ ಫೋಟೊ ಇರುತ್ತಲ್ಲ, ಅದನ್ನ ಒತ್ತಿ. ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್’ ಅಂತ ಬರುತ್ತೆ. ಅದರೊಳಗೆ ‘ಪೇಮೆಂಟ್ ಮೆಥಡ್ಸ್’. ಅಲ್ಲಿ ಯಾವ ಯುಪಿಐ ಐಡಿ, ಯಾವ ಕಾರ್ಡು ಕೂತಿದೆ ಅಂತ ನೋಡ್ಕೊಂಡು ಬನ್ನಿ, ಆಮೇಲೆ ಮುಂದೆ ಓದಿ.

ನೋಡಿದ್ರಾ? ಯಾರದು ಅದು?

ಹೋದ ವಾರ ಸ್ಟೋರೀಲಿ ಕೇಳಿದ್ದೆ, ಆ್ಯಪ್‌ಗೆ ದುಡ್ಡು ಕಟ್ಟೋಕೆ ಏನು ಬಳಸ್ತೀರಿ ಅಂತ. ಹೆಚ್ಚಿನವರ ಉತ್ತರ, “ಯುಪಿಐ, ಇನ್ನೇನು?” ಯಾರ ಯುಪಿಐ ಅಂತ ವಾಪಸ್ ಕೇಳಿದ್ದಕ್ಕೆ ಸುಮಾರು ಜನ ನಗೋ ಇಮೋಜಿ ಕಳಿಸಿ ಸುಮ್ಮನಾದ್ರು. ಆ ನಗೋ ಇಮೋಜಿಗೇ ಈ ಸಲದ ಸರಣಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪಿಯುಸಿ, ಡಿಪ್ಲೊಮಾ, ಡಿಗ್ರಿ ಅಂತ ಓದ್ತಾ ಇರೋ, ಸ್ವಂತ ಸಂಪಾದನೆ ಇಲ್ಲದ ನಾವು ಆ್ಯಪ್ ಸ್ಟೋರಿಗೆ ಮನೆಯವರ ಬ್ಯಾಂಕ್ ಅಕೌಂಟನ್ನ ಜೋಡಿಸಿ ಇಡಬಾರದು. ಆಟೋಪೇ ಅಂತೂ ಬೇಡವೇ ಬೇಡ. ಎಷ್ಟು ಬೇಕೋ ಅಷ್ಟಕ್ಕೆ ರೀಚಾರ್ಜ್ ಕೋಡ್ ತಗೊಂಡು ಅಷ್ಟರಲ್ಲೇ ಮುಗಿಸಬೇಕು. “ಯಾವ ಕಾಲದಲ್ಲಿದ್ದೀಯಾ ಗುರು” ಅಂತ ಅನ್ನೋರು ಅನ್ನಿ. ಕಾರಣ ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

2/10

ನಮ್ಮ ಕಡೆ ಒಂದು ಮನೆಯ ದುಡ್ಡು ಹೇಗೆ ಓಡಾಡುತ್ತೆ ನೋಡಿ. ಅಮ್ಮನ ಹೆಸರಲ್ಲಿ ಒಂದು ಅಕೌಂಟು. ಗೃಹಲಕ್ಷ್ಮಿಯ ತಿಂಗಳ ₹2,000 ಅದಕ್ಕೇ ಬರೋದು. ಹಾಲಿನ ಡೈರಿ ದುಡ್ಡು, ಸಂಘದ ಸಾಲದ ಕಂತು, ಅಣ್ಣ ಬೆಂಗಳೂರಿಂದ ಹಾಕೋದು, ಎಲ್ಲಾ ಅಲ್ಲೇ. ಅಮ್ಮನ ಕೈಲಿರೋದು ಕೀಪ್ಯಾಡ್ ಫೋನು. ಅಕೌಂಟ್ ಮಾಡಿಸುವಾಗ ಬ್ಯಾಂಕಲ್ಲಿ ನಂಬರ್ ಕೇಳಿದ್ರೆ, “ಮಗಂದು ಕೊಡಿ, ಅವನಿಗೆ ಎಲ್ಲಾ ಗೊತ್ತಾಗುತ್ತೆ” ಅಂದಿರ್ತಾರೆ. ಹಂಗಾಗಿ ಆ ಅಕೌಂಟಿನ ಯುಪಿಐ ಓಡ್ತಾ ಇರೋದು ನಿಮ್ಮ ಫೋನಲ್ಲಿ. ಪಿನ್ ಗೊತ್ತಿರೋದೂ ನಿಮಗೇ.

ಇದರಲ್ಲಿ ತಪ್ಪೇನಿಲ್ಲ. ಮನೆಗೆ ಅದೊಂದು ದೊಡ್ಡ ಉಪಕಾರ. ಕರೆಂಟ್ ಬಿಲ್ ಕಟ್ಟೋದು, ಗ್ಯಾಸ್ ಬುಕ್ ಮಾಡೋದು, ಅಪ್ಪನ ಮಾತ್ರೆ ತರಿಸೋದು, ಎಲ್ಲಾ ನೀವೇ.

ಆದ್ರೆ ಇದೇ ಫೋನಿನ ಪ್ಲೇ ಸ್ಟೋರಿಗೆ ಇದೇ ಯುಪಿಐ ಜೋಡಿಸಿದ ದಿನ ಇನ್ನೊಂದು ಕೆಲಸವೂ ಆಗಿರುತ್ತೆ. ಫೋಟೊ ಎಡಿಟ್ ಮಾಡೋ ಆ್ಯಪು, ಇಂಗ್ಲಿಷ್ ಕಲಿಸೋ ಆ್ಯಪು, ಜಾತಕ ಹೇಳೋ ಆ್ಯಪು, ಇವೆಲ್ಲಕ್ಕೂ ಅಮ್ಮನ ಅಕೌಂಟಿನವರೆಗೆ ಒಂದು ದಾರಿ ಬಿದ್ದಿರುತ್ತೆ. ಆ ದಾರಿ ಇದೆ ಅಂತ ಅಮ್ಮನಿಗೆ ಗೊತ್ತಿರಲ್ಲ.

ಹಾಸ್ಟೆಲಲ್ಲಿರೋರದ್ದು ಬೇರೆ ಕಥೆ. ಅಕೌಂಟ್ ನಿಮ್ಮದೇ ಇರಬಹುದು. ಆದ್ರೆ ಅದರಲ್ಲಿರೋದು ಏನು? ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ, ಆಧಾರ್ ಲಿಂಕ್ ಆಗಿಲ್ಲ ಅಂತ ನಾಲ್ಕು ಸಲ ಬ್ಯಾಂಕಿಗೆ ಅಲೆದು, ಕೊನೆಗೆ ಬಂದ ಸ್ಕಾಲರ್‌ಶಿಪ್ಪು. ಅದು ಮೆಸ್ಸಿನ ದುಡ್ಡು, ಪರೀಕ್ಷೆ ಫೀಸಿನ ದುಡ್ಡು.

3/10

ಈಗ ಆಟೋಪೇ ವಿಷಯಕ್ಕೆ ಬರೋಣ. ಇದು ಸ್ವಲ್ಪ ಉದ್ದ, ಯಾಕಂದ್ರೆ ನಿಜವಾದ ಪೆಟ್ಟು ಬೀಳೋದು ಇಲ್ಲೇ.

ಗೂಗಲ್ ಪ್ಲೇ ನಮ್ಮ ದೇಶದಲ್ಲಿ ಸಬ್‌ಸ್ಕ್ರಿಪ್ಶನ್ನಿಗೆ ಯುಪಿಐ ಆಟೋಪೇ ತಂದಿದ್ದು 2022ರ ನವೆಂಬರಲ್ಲಿ. ಅಲ್ಲೀವರೆಗೆ ಪ್ರತಿ ತಿಂಗಳೂ ತಾನಾಗೇ ದುಡ್ಡು ಕಟ್ ಆಗಬೇಕು ಅಂದ್ರೆ ಹೆಚ್ಚಾಗಿ ಕಾರ್ಡ್ ಬೇಕಿತ್ತು. ಕಾರ್ಡ್ ಇಲ್ಲದ ಹುಡುಗ ಹುಡುಗೀರಿಗೂ ಬಾಗಿಲು ತೆರೀತು ಅಂತ ಖುಷಿ ಪಡಬೇಕಾದ್ದೇ. ಬಾಗಿಲು ಎರಡೂ ಕಡೆ ತೆರೆಯುತ್ತೆ ಅನ್ನೋದು ಆಮೇಲೆ ಗೊತ್ತಾಗೋ ವಿಷಯ.

ಆಟೋಪೇಯಲ್ಲಿ ನೀವು ಪಿನ್ ಒತ್ತೋದು ಒಂದೇ ಸಲ. ಆ ಒಂದು ಸಲದಲ್ಲಿ, “ಇನ್ಮುಂದೆ ಇಷ್ಟು ದಿನಕ್ಕೊಮ್ಮೆ, ಇಷ್ಟರ ತನಕ, ಇಂಥ ತಾರೀಖಿನವರೆಗೆ ನೀವೇ ತಗೊಳ್ಳಿ” ಅಂತ ಬರೆದುಕೊಟ್ಟ ಹಾಗೆ. ಇದನ್ನೇ ಮ್ಯಾಂಡೇಟ್ ಅನ್ನೋದು. ಪಿನ್ ಒತ್ತೋ ಮುಂಚೆ ಪರದೆ ಮೇಲೆ ಎಲ್ಲಾ ಬರೆದಿರುತ್ತೆ: ಗರಿಷ್ಠ ಮೊತ್ತ, ವಾರಕ್ಕೋ ತಿಂಗಳಿಗೋ, ಯಾವಾಗ ಮುಗಿಯುತ್ತೆ. ಕೆಲವು ಮ್ಯಾಂಡೇಟಲ್ಲಿ ಗರಿಷ್ಠ ಮೊತ್ತ ಆ್ಯಪಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ಓದೋರು ಯಾರು? ಬೆರಳು ಆಗಲೇ ಪಿನ್ ಮೇಲಿರುತ್ತೆ.

ರಿಸರ್ವ್ ಬ್ಯಾಂಕ್ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಹೀಗೆ ತಾನಾಗೇ ಕಟ್ ಆಗೋ ದುಡ್ಡಿಗೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಯಾರಿಗೆ ಹೋಗ್ತಿದೆ, ಎಷ್ಟು, ಯಾವತ್ತು ಅಂತ ಅದರಲ್ಲಿರಬೇಕು. ಬೇಡ ಅನ್ನೋಕೂ ಅವಕಾಶ ಇರಬೇಕು. ಒಳ್ಳೇ ನಿಯಮ.

ಆದ್ರೆ ಆ ಸೂಚನೆ ಹೋಗೋದು ಅಕೌಂಟಿಗೆ ಕೊಟ್ಟಿರೋ ನಂಬರಿಗೆ. ಆ ನಂಬರ್ ಯಾರದ್ದು? ನಿಮ್ಮದೇ! ದುಡ್ಡು ಅಮ್ಮಂದು, ಎಚ್ಚರಿಕೆ ಬರೋದು ನಿಮಗೆ. ನೀವು ಬ್ಯಾಂಕಿನ ಎಸ್‌ಎಂಎಸ್‌ಗಳನ್ನ ಮ್ಯೂಟ್ ಮಾಡಿ ವರ್ಷವಾಗಿದೆ. ಅಮ್ಮನಿಗೆ ಗೊತ್ತಾಗೋದು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ. ಕಾಯ್ದೆ ಮಾಡಿದವರು ಅಕೌಂಟ್ ಯಾರದ್ದೋ ಫೋನೂ ಅವರದ್ದೇ ಅಂದ್ಕೊಂಡು ಮಾಡಿದ್ದಾರೆ. ನಮ್ಮ ಮನೆಗಳು ಹಾಗಿಲ್ಲ.

4/10

ಮತ್ತೊಂದು ಲೆಕ್ಕ. ಒಂದು ಮಿತಿಯವರೆಗೆ ಆಟೋಪೇ ಪ್ರತಿ ಸಲ ಪಿನ್ನೋ ಒಟಿಪಿಯೋ ಕೇಳಲ್ಲ. 2021ರಲ್ಲಿ ಆ ಮಿತಿ ₹5,000 ಇತ್ತು, 2022ರ ಜೂನಲ್ಲಿ ₹15,000 ಮಾಡಿದ್ರು. ದೊಡ್ಡ ಸಂಬಳದವರಿಗೆ ಅದು ಅನುಕೂಲ. ತಿಂಗಳಿಗೆ ₹2,000 ಬರೋ ಅಕೌಂಟಿಗೆ ಹದಿನೈದು ಸಾವಿರ ಅಂದ್ರೆ ಏಳೂವರೆ ತಿಂಗಳ ದುಡ್ಡು. ಯಾವ ಆ್ಯಪೂ ಒಂದೇ ಸಲ ಅಷ್ಟು ಎಳೆಯಲ್ಲ, ಸರಿ. ಆದ್ರೆ ‘ಸಣ್ಣ ಮೊತ್ತ’ ಅಂತ ಕಾಯ್ದೆ ಅಂದ್ಕೊಂಡಿರೋದಕ್ಕೂ ನಮ್ಮ ಮನೇಲಿ ಸಣ್ಣದು ಅನ್ನೋದಕ್ಕೂ ಎಷ್ಟು ದೂರ ಇದೆ ನೋಡಿ.

ಇನ್ನು ‘ಫ್ರೀ ಟ್ರಯಲ್’. ಒಂದು ರೂಪಾಯಿಗೆ ಮೂರು ದಿನ, ಆಮೇಲೆ ಸಣ್ಣ ಅಕ್ಷರದಲ್ಲಿ ವಾರಕ್ಕೆ ₹99. ತಿಂಗಳಿಗೆ ಅಂತ ಓದ್ಕೊಳ್ಳಬೇಡಿ, ವಾರಕ್ಕೆ. ವರ್ಷಕ್ಕೆ 52 ವಾರ, ಅಂದ್ರೆ ₹5,148. ಕೂದಲ ಬಣ್ಣ ಬದಲಿಸೋ ಒಂದು ಫಿಲ್ಟರ್ ಆ್ಯಪಿಗೆ ವರ್ಷಕ್ಕೆ ಐದು ಸಾವಿರ ಕೊಡ್ತೀರಾ ಅಂತ ಯಾರಾದ್ರೂ ಎದುರಿಗೆ ನಿಂತು ಕೇಳಿದ್ರೆ ಓಡಿಸ್ತೀರಿ. ಅದಕ್ಕೇ ಅವರು ಹಾಗೆ ಕೇಳಲ್ಲ.

ಹೀಗೆ ಸೇರೋಕೆ ಸುಲಭ ಮಾಡಿ ಬಿಡೋಕೆ ಕಷ್ಟ ಮಾಡೋದಕ್ಕೆ ‘ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್’ ಅಂತ ಹೆಸರಿದೆ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಅಂತ 13 ಬಗೆಯ ಮೋಸದ ವಿನ್ಯಾಸಗಳನ್ನ ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲಿ ಇದೂ ಒಂದು. ಪಟ್ಟಿ ಇದೆ ಅಂತ ಕಳ್ಳರು ಕಸುಬು ಬಿಡ್ತಾರಾ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಸಬ್‌ಸ್ಕ್ರಿಪ್ಶನ್ ನಿಲ್ಲಲ್ಲ. ಆ್ಯಪ್ ಫೋನಲ್ಲಿ ಇರಲ್ಲ, ದುಡ್ಡು ಮಾತ್ರ ಹೋಗ್ತಾ ಇರುತ್ತೆ. ಪ್ಲೇ ಸ್ಟೋರಿನ ‘ಸಬ್‌ಸ್ಕ್ರಿಪ್ಶನ್ಸ್’ಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಅದರ ಜೊತೆಗೆ ಯುಪಿಐ ಆ್ಯಪಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್ಸ್’ ಅಂತ ಇರುತ್ತಲ್ಲ, ಅಲ್ಲೂ ನೋಡಿ. ಒಂದು ಕಡೆ ತೆಗೆದು ಇನ್ನೊಂದು ಕಡೆ ಮರೆಯೋರೇ ಹೆಚ್ಚು. ಪ್ಲೇ ಸ್ಟೋರಿನ ಮೂಲಕ ಹೋಗದೇ ಜಾಹೀರಾತಿನ ಲಿಂಕಿಂದ ನೇರವಾಗಿ ಮ್ಯಾಂಡೇಟ್ ಕೊಟ್ಟಿದ್ರೆ ಅದು ಪ್ಲೇ ಸ್ಟೋರಿನ ಪಟ್ಟಿಯಲ್ಲಿ ಕಾಣೋದೇ ಇಲ್ಲ. ಯುಪಿಐ ಆ್ಯಪಲ್ಲೇ ಹುಡುಕಬೇಕು.

5/10

ಹಾಗಾದ್ರೆ ಏನು ಬಳಸೋದು? ರೀಚಾರ್ಜ್ ಕೋಡ್. ಗೂಗಲ್ ಪ್ಲೇ ಗಿಫ್ಟ್ ಕೋಡ್ ಅಂತಲೂ ಅಂತಾರೆ.

ಜಾತ್ರೆಗೆ ಹೋಗುವಾಗ ಅಜ್ಜಿ ಏನು ಮಾಡ್ತಿದ್ಲು? ಎಲೆ ಅಡಿಕೆ ಸಂಚಿ ಬಿಚ್ಚಿ, ಮಡಿಸಿದ ಐವತ್ತರ ನೋಟು ತೆಗೆದು ಕೈಗೆ ಇಡ್ತಿದ್ಲು. ಬೆಂಡು ಬತ್ತಾಸು ತಿನ್ನಿ, ಪೀಪಿ ತಗೊಳ್ಳಿ, ತೊಟ್ಟಿಲಲ್ಲಿ ಕೂತ್ಕೊಳ್ಳಿ, ಐವತ್ತು ಮುಗಿದ ಮೇಲೆ ಮನೆಗೆ ಬನ್ನಿ. ಸಂಚೀನೇ ಕೊಟ್ಟು “ಬೇಕಾದಷ್ಟು ತಗೋ” ಅಂತ ಯಾವ ಅಜ್ಜೀನೂ ಕಳಿಸಿಲ್ಲ. ಮೊಮ್ಮಗನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಜಾತ್ರೆ ಮೇಲೆ ನಂಬಿಕೆ ಇಲ್ಲ.

ಕೋಡ್ ಅಂದ್ರೆ ಆ ಐವತ್ತರ ನೋಟು. ನೀವು ಯುಪಿಐ ಆ್ಯಪಿಂದ ಒಂದು ಸಲ ಪಿನ್ ಹಾಕಿ ₹100ರ ಕೋಡ್ ತಗೋತೀರಿ. ಪ್ಲೇ ಸ್ಟೋರಲ್ಲಿ ‘ರಿಡೀಮ್’ ಮಾಡ್ತೀರಿ. ನೂರು ರೂಪಾಯಿ ಗೂಗಲ್ ಪ್ಲೇ ಬ್ಯಾಲೆನ್ಸಿಗೆ ಬೀಳುತ್ತೆ. ಆ್ಯಪ್ ಕೊಳ್ಳಿ, ಗೇಮಲ್ಲಿ ಖರ್ಚು ಮಾಡಿ, ಹಲವು ಸಬ್‌ಸ್ಕ್ರಿಪ್ಶನ್‌ಗೂ ಆಗುತ್ತೆ. ಯಾವ ಆ್ಯಪ್ ಎಷ್ಟೇ ಚಾಲಾಕಿ ಮಾಡಿದ್ರೂ ನೂರರಾಚೆ ಹೋಗೋಕೆ ದಾರಿ ಇಲ್ಲ. ಮುಂದಿನ ವಾರದ ₹99ಕ್ಕೆ ಬ್ಯಾಲೆನ್ಸಲ್ಲಿ ಉಳಿದಿರೋದು ಒಂದು ರೂಪಾಯಿ.

ಒಂದು ಎಚ್ಚರಿಕೆ. ಕೋಡ್ ಹಾಕಿದ ಮೇಲೂ ಯುಪಿಐ ಅಲ್ಲೇ ಕೂತಿದ್ರೆ ಪ್ರಯೋಜನ ಇಲ್ಲ. ಸಬ್‌ಸ್ಕ್ರಿಪ್ಶನ್ ವಿವರದಲ್ಲಿ ‘ಬ್ಯಾಕಪ್ ಪೇಮೆಂಟ್ ಮೆಥಡ್’ ಅಂತ ಒಂದು ಸಾಲು ಇರುತ್ತೆ. ಮೊದಲನೇದ್ರಲ್ಲಿ ದುಡ್ಡಿಲ್ಲ ಅಂದ್ರೆ ಎರಡನೇದ್ರಿಂದ ತಗೊಳ್ಳೋಕೆ ಅದು. ಅದಕ್ಕೇ ಪೇಮೆಂಟ್ ಮೆಥಡ್ಸಲ್ಲಿ ಅಮ್ಮನ ಯುಪಿಐ, ಅಪ್ಪನ ಕಾರ್ಡು ಎರಡನ್ನೂ ‘ರಿಮೂವ್’ ಮಾಡಿ. ಬ್ಯಾಲೆನ್ಸ್ ಒಂದೇ ಉಳೀಲಿ.

6/10

ಕೋಡ್ ಹೊಗಳೋಕೆ ಹೊರಟಿದ್ದೀನಿ ಅಂತ ಅದರ ಕೊಂಕು ಮುಚ್ಚಿಡಲ್ಲ.

ಒಂದ್ಸಲ ರಿಡೀಮ್ ಮಾಡಿದ ದುಡ್ಡು ಗೂಗಲ್‌ನಿಂದ ಹೊರಗೆ ಬರಲ್ಲ. ಬ್ಯಾಂಕಿಗೆ ವಾಪಸ್ ಹಾಕೋಕಾಗಲ್ಲ, ಫ್ರೆಂಡಿಗೆ ಕಳಿಸೋಕಾಗಲ್ಲ, ಕ್ಯಾಂಟೀನಲ್ಲಿ ಟೀ ಕುಡಿಯೋಕಂತೂ ಆಗಲ್ಲ. ರೀಫಂಡ್ ಸಿಕ್ಕಿದ್ರೂ ಬರೋದು ಅದೇ ಬ್ಯಾಲೆನ್ಸಿಗೆ. ಯುಪಿಐಲಿ ಕಟ್ಟಿದ್ರೆ ರೀಫಂಡ್ ಅಕೌಂಟಿಗೇ ಬರುತ್ತೆ, ಅಷ್ಟು ಮಟ್ಟಿಗೆ ಯುಪಿಐ ಮೇಲು. ಹಾಗಾಗಿ ಐನೂರು, ಸಾವಿರದ ಕೋಡ್ ತಗೊಳ್ಳಬೇಡಿ. ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ.

“ಅರ್ಧ ರೇಟಿಗೆ ಕೋಡ್ ಕೊಡ್ತೀವಿ ಬ್ರೋ” ಅಂತ ಟೆಲಿಗ್ರಾಂ ಚಾನೆಲ್ಲು, ನಮ್ಮ ಇದೇ ಇನ್‌ಸ್ಟಾಗ್ರಾಂ ಪೇಜುಗಳೂ ಇವೆ. ದುಡ್ಡು ಹಾಕಿದ ಮೇಲೆ ಬ್ಲಾಕ್ ಮಾಡ್ತಾರೆ. ಇಲ್ಲ, ಯಾರದ್ದೋ ಕದ್ದ ದುಡ್ಡಲ್ಲಿ ಕೊಂಡ ಕೋಡ್ ಕೊಡ್ತಾರೆ. ಎರಡೂ ಬೇಡ.

ಇನ್ನೊಂದು ಕಡೆಯಿಂದಲೂ ಕೋಡ್ ಕೇಳ್ಕೊಂಡು ಬರ್ತಾರೆ. ಪೊಲೀಸು, ಕೊರಿಯರ್ರು, ಪಾರ್ಟ್ ಟೈಮ್ ಕೆಲಸ ಕೊಡೋ ಕಂಪನಿ ಅಂತ ಫೋನ್ ಮಾಡಿ, “ಪ್ಲೇ ಕೋಡ್ ತಗೊಂಡು ನಂಬರ್ ಹೇಳಿ” ಅಂತಾರೆ. ಯಾವ ಪೊಲೀಸ್ ಠಾಣೆಯೂ ಗಿಫ್ಟ್ ಕೋಡಲ್ಲಿ ದಂಡ ಕಟ್ಟಿಸ್ಕೊಳ್ಳಲ್ಲ. ಕೋಡ್ ಹೇಳಿದ್ರಿ ಅಂದ್ರೆ ನೋಟು ಕೈಗಿಟ್ಟ ಹಾಗೆ.

7/10

ಗೇಮ್ ಆಡೋರ ಜೊತೆ ಸ್ವಲ್ಪ ಬೇರೆ ಮಾತಿದೆ.

ಸಬ್‌ಸ್ಕ್ರಿಪ್ಶನ್‌ನಲ್ಲಿ ದುಡ್ಡು ಮೆಲ್ಲಗೆ ಸೋರುತ್ತೆ. ಗೇಮಲ್ಲಿ ಒಂದೇ ರಾತ್ರಿಗೆ ಹೋಗುತ್ತೆ. ಡೈಮಂಡು, ಸ್ಕಿನ್ನು, ಪಾಸು, ‘ಇನ್ನು ಹತ್ತು ನಿಮಿಷ ಮಾತ್ರ’ ಅನ್ನೋ ಆಫರ್ರು. ಗೇಮ್ ಒಳಗಿನ ದುಡ್ಡಿಗೆ ರೂಪಾಯಿ ಅನ್ನೋ ಹೆಸರು ಬೇಕಂತಲೇ ಇಟ್ಟಿರಲ್ಲ. 310 ಡೈಮಂಡು ಖರ್ಚಾದ್ರೆ ಹೊಟ್ಟೆ ಉರಿಯಲ್ಲ, ರೂಪಾಯಿ ಆದ್ರೆ ಉರಿಯುತ್ತೆ. (ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ 2025ರ ಆಗಸ್ಟಿನ ಕೇಂದ್ರ ಕಾಯ್ದೆ ನಿಷೇಧಿಸಿತು. ನಾನು ಹೇಳ್ತಿರೋದು ಆ ಆಟಗಳಲ್ಲ, ಬರೀ ಬಟ್ಟೆ ಬಂದೂಕು ಕೊಳ್ಳೋ ಆಟಗಳು.)

ಇಲ್ಲಿ ಎರಡು ಸೆಟ್ಟಿಂಗ್ ಇದೆ, ಎರಡನ್ನೂ ಜನ ತಪ್ಪು ತಿಳ್ಕೊಂಡಿದ್ದಾರೆ. ಮೊದಲನೇದು, ಖರೀದಿ ಮಾಡುವಾಗ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳೋದು. ಅದನ್ನ ‘ಪ್ರತಿ ಸಲ’ ಅಂತ ಇಡಿ. ಮೂವತ್ತು ನಿಮಿಷಕ್ಕೊಮ್ಮೆ ಕೇಳು ಅಂತ ಇಟ್ಟರೆ, ನೀವು ಒಂದು ಸಲ ಖರೀದಿ ಮಾಡಿ ಫೋನ್ ತಮ್ಮನ ಕೈಗೆ ಕೊಟ್ಟರೆ ಆ ಅರ್ಧ ಗಂಟೆ ಅವನದ್ದೇ ರಾಜ್ಯ. ಎರಡನೇದು, ‘ಬಜೆಟ್’. ತಿಂಗಳಿಗೆ ₹200 ಅಂತ ಪ್ಲೇ ಸ್ಟೋರಲ್ಲಿ ಬಜೆಟ್ ಇಡಬಹುದು. ಹೆಸರು ಕೇಳಿದ್ರೆ ಇನ್ನೂರಕ್ಕೆ ಬೀಗ ಬೀಳುತ್ತೆ ಅನ್ಸುತ್ತೆ. ಬೀಳಲ್ಲ. ಅದು ಎಷ್ಟಾಯ್ತು ಅಂತ ಹೇಳುತ್ತೆ ಅಷ್ಟೇ, ತಡೆಯಲ್ಲ. ನಿಜವಾಗಿ ತಡೆಯೋದು ಖಾಲಿಯಾದ ಬ್ಯಾಲೆನ್ಸ್ ಒಂದೇ.

ಮನೇಲಿ ಚಿಕ್ಕವರಿದ್ರೆ ಗೂಗಲ್ ಫ್ಯಾಮಿಲಿ ಗ್ರೂಪ್ ಮಾಡಿ, ಅವರು ಏನಾದ್ರೂ ಕೊಳ್ಳೋ ಮುಂಚೆ ದೊಡ್ಡವರ ಒಪ್ಪಿಗೆ ಬೇಕು ಅಂತ ಇಡಬಹುದು. ಅಪ್ಪ ಅಮ್ಮನಿಗೆ ಇದನ್ನ ಮಾಡಿಕೊಡೋದು ಮನೆಯ ದೊಡ್ಡ ಮಕ್ಕಳಾದ ನಿಮ್ಮ ಕೆಲಸ. ಅವರಿಗೆ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

8/10

ಕಾರ್ಡು, ಮೊಬೈಲ್ ಬಿಲ್ಲು, ಇವೆರಡನ್ನೂ ಬೇಗ ಮುಗಿಸ್ತೀನಿ.

ಕಾರ್ಡ್ ನಂಬರ್ ಕದಿಯೋ ಭಯ ಮೊದಲಿನಷ್ಟಿಲ್ಲ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು, ಆ್ಯಪ್‌ಗಳು ನಿಮ್ಮ ಕಾರ್ಡ್ ನಂಬರನ್ನ ತಮ್ಮಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಬದಲಿಗೆ ಟೋಕನ್ ಇರುತ್ತೆ. ಇನ್ನೊಂದು ಒಳ್ಳೇ ಸೌಲಭ್ಯ 2020ರಲ್ಲಿ ಬಂತು. ಡೆಬಿಟ್ ಕಾರ್ಡಲ್ಲಿ ಆನ್‌ಲೈನ್ ಖರೀದಿಯನ್ನ ನೀವೇ ಆಫ್ ಮಾಡಬಹುದು, ಇಷ್ಟೇ ಮಿತಿ ಅಂತ ಇಡಬಹುದು, ವಿದೇಶಿ ವಹಿವಾಟನ್ನ ಮುಚ್ಚಬಹುದು. ಬ್ಯಾಂಕ್ ಆ್ಯಪಲ್ಲಿ ಇದೆ. ಸ್ವಂತ ಡೆಬಿಟ್ ಕಾರ್ಡ್ ಇರೋರು ಆನ್‌ಲೈನ್ ಮಿತಿಯನ್ನ ಸಾಧ್ಯವಾದಷ್ಟು ಕಮ್ಮಿ ಇಡಿ. ಅಪ್ಪನ ಕ್ರೆಡಿಟ್ ಕಾರ್ಡ್ ಬಗ್ಗೆ ನಾನೇನೂ ಹೇಳಲ್ಲ, ಅಪ್ಪನೇ ಹೇಳ್ತಾರೆ.

ಮೊಬೈಲ್ ಬಿಲ್ಲಿಗೆ ಸೇರಿಸೋದು, ಅಂದ್ರೆ ಕ್ಯಾರಿಯರ್ ಬಿಲ್ಲಿಂಗು. ಕೆಲವು ನೆಟ್‌ವರ್ಕಲ್ಲಿ ಮಾತ್ರ ಇದೆ. ಪೋಸ್ಟ್‌ಪೇಯ್ಡ್ ಸಿಮ್ ಹೆಚ್ಚಾಗಿ ಅಪ್ಪನ ಹೆಸರಲ್ಲಿರುತ್ತೆ. ಖರ್ಚು ಇವತ್ತು, ನೋವು ತಿಂಗಳ ಕೊನೆಗೆ. ಹಿಂದೆ ಕೇಳದೇ ಕಾಲರ್ ಟ್ಯೂನ್ ಹಾಕಿ ದಿನಕ್ಕಿಷ್ಟು ಅಂತ ಕರೆನ್ಸಿ ಕಿತ್ಕೋತಿದ್ದದ್ದು ಮನೆಯ ದೊಡ್ಡವರಿಗೆ ನೆನಪಿರುತ್ತೆ, ಕೇಳಿ ನೋಡಿ. ಅದೇ ಜಾಗಕ್ಕೆ ನಾವಾಗೇ ಹೋಗಿ ಕೂರೋದು ಬೇಡ.

9/10

“ಹಂಗಾದ್ರೆ ಯುಪಿಐ ಬಳಸಲೇಬಾರದಾ?” ಕಾಮೆಂಟಲ್ಲಿ ಬರೋ ಮೊದಲ ಪ್ರಶ್ನೆ ಇದೇ ಅಂತ ಗೊತ್ತು.

ಬಳಸಿ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋ ಆ್ಯಪ್ ಆದ್ರೆ, ಸ್ವಂತ ಅಕೌಂಟಿಂದ, ಪಿನ್ ಹಾಕಿ ಕೊಟ್ಟು ಮುಗಿಸೋದ್ರಲ್ಲಿ ತಪ್ಪೇ ಇಲ್ಲ. ಇಂಟರ್ನ್‌ಶಿಪ್ ಸ್ಟೈಪೆಂಡ್ ಬರ್ತಿದೆ, ಟ್ಯೂಷನ್ ಹೇಳಿ ದುಡೀತಿದ್ದೀರಿ, ವಾರದ ಕೊನೆಗೆ ಕೇಟರಿಂಗ್ ಕೆಲಸಕ್ಕೆ ಹೋಗ್ತೀರಿ ಅಂದ್ರೆ ನಿಮ್ಮ ದುಡ್ಡು, ನಿಮ್ಮ ಇಷ್ಟ. ಆಗಲೂ ನನ್ನ ಸಲಹೆ, ಮಿನಿಮಮ್ ಬ್ಯಾಲೆನ್ಸ್ ಬೇಡದ ಇನ್ನೊಂದು ಸಣ್ಣ ಉಳಿತಾಯ ಖಾತೆ ಮಾಡಿಸಿ, ಆ್ಯಪು ಗೀಪು ಎಲ್ಲಾ ಅದಕ್ಕೆ. ಸ್ಕಾಲರ್‌ಶಿಪ್ ಬರೋ ಖಾತೆ ಹತ್ರ ಯಾವ ಮ್ಯಾಂಡೇಟೂ ಸುಳಿಯದಿರಲಿ.

“ಕ್ರ್ಯಾಕ್ ಮಾಡಿದ ಎಪಿಕೆ ಇರುವಾಗ ಕೋಡ್ ಯಾಕೆ, ಯುಪಿಐ ಯಾಕೆ?” ಇದು ಎರಡನೇ ಪ್ರಶ್ನೆ. ಇಷ್ಟು ಹೊತ್ತು ದುಡ್ಡು ಉಳಿಸೋ ಮಾತಾಡಿದ್ದಕ್ಕೆ ನಾನು ದುಡ್ಡು ಕೊಡೋದೇ ಬೇಡ ಅಂತಿದ್ದೀನಿ ಅಂದ್ಕೋಬೇಡಿ. ಒಳ್ಳೇ ಆ್ಯಪಿಗೆ ದುಡ್ಡು ಕೊಡಬೇಕು. ಡಿಕ್ಷನರಿ ಆ್ಯಪ್ ಮಾಡಿದವನು, ಕನ್ನಡ ಕೀಬೋರ್ಡ್ ಮಾಡಿದವಳು ಯಾರೋ ನಮ್ಮ ಹಾಗೇ ರಾತ್ರಿ ಕೂತು ಕೋಡ್ ಬರೆದವರು. ಆದ್ರೆ ಕ್ರ್ಯಾಕ್ ಎಪಿಕೆ ‘ಫ್ರೀ’ ಅನ್ನೋದು ದೊಡ್ಡ ಸುಳ್ಳು. ಎಸ್‌ಎಂಎಸ್ ಓದೋಕೆ ಅನುಮತಿ ಕೊಟ್ಟ ತಕ್ಷಣ ನಿಮ್ಮ ಒಟಿಪಿ ಬೇರೆಯವರ ಪಾಲು. ವಾಟ್ಸಾಪಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಬಂದು ಅಕೌಂಟ್ ಖಾಲಿಯಾದ ಸುದ್ದಿ ಓದಿದ್ದೀರಲ್ಲ, ದಾರಿ ಅದೇ. ಅಮ್ಮನ ಬ್ಯಾಂಕ್ ಇರೋ ಫೋನಲ್ಲಿ ಕ್ರ್ಯಾಕ್ ಆ್ಯಪ್ ಹಾಕೋದಕ್ಕಿಂತ ಆಟೋಪೇನೇ ವಾಸಿ ಅಂತೀನಿ. ಅಲ್ಲಿ ಕನಿಷ್ಠ ಎಷ್ಟು ಹೋಗುತ್ತೆ ಅಂತ ಬರೆದಿರುತ್ತೆ.

ಮೂರನೇದು ಪ್ರಶ್ನೆ ಅಲ್ಲ, ಗೇಲಿ: “ನೂರು ರೂಪಾಯಿಗೆ ಇಷ್ಟುದ್ದ ಕ್ಯಾಪ್ಶನ್ನಾ?” ಹೌದು. ಡೈರಿಗೆ ಎಷ್ಟು ಲೀಟರ್ ಹಾಲು ಹಾಕಿದ್ರೆ ನೂರು ರೂಪಾಯಿ ಬರುತ್ತೆ ಅಂತ ಮನೇಲಿ ಕೇಳಿ, ಆಮೇಲೆ ಉದ್ದ ಅಳೆಯೋಣ.

10/10

ದುಡ್ಡು ಆಗಲೇ ಹೋಗಿದೆ ಅನ್ನೋರಿಗೆ. ಈ ಭಾಗ ಸೇವ್ ಮಾಡಿಟ್ಕೊಳ್ಳಿ.

ನೀವೇ ಕೊಂಡು, ಬೇಡ ಅನ್ನಿಸಿದ್ರೆ, 48 ಗಂಟೆ ಒಳಗೆ ಗೂಗಲ್ ಪ್ಲೇಗೆ ರೀಫಂಡ್ ಕೇಳಿ. ಕೇಳಿದವರಿಗೆಲ್ಲಾ ಸಿಗುತ್ತೆ ಅಂತಲ್ಲ, ಆದ್ರೆ ಆ ಅವಧಿ ದಾಟಿದ್ರೆ ಆ್ಯಪ್ ಮಾಡಿದವರಿಗೇ ಮೇಲ್ ಬರೆದು ಕಾಯಬೇಕು. ಕೇಳೋ ಮುಂಚೆ ಸಬ್‌ಸ್ಕ್ರಿಪ್ಶನ್ ಕ್ಯಾನ್ಸಲ್ ಮಾಡಿ, ಯುಪಿಐ ಮ್ಯಾಂಡೇಟೂ ತೆಗೆದುಹಾಕಿ, ಎರಡರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ನೀವು ಕೊಂಡೇ ಇಲ್ಲ, ಯಾರೋ ಹೊರಗಿನವರು ಎಳೆದಿದ್ದಾರೆ ಅಂದ್ರೆ ಮೊದಲು 1930ಕ್ಕೆ ಫೋನ್ ಮಾಡಿ, ಜೊತೆಗೆ ಬ್ಯಾಂಕಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೇ ಮೂರನೆಯವರ ಕಡೆಯಿಂದ ಆದ ವಂಚನೆಯನ್ನ 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟದ ಹೊಣೆ ನಿಮ್ಮದಲ್ಲ. ತಡವಾದಷ್ಟೂ ನಿಮ್ಮ ಪಾಲು ಜಾಸ್ತಿ. ಆದ್ರೆ ಪಿನ್, ಒಟಿಪಿ ನೀವೇ ಹೇಳಿದ್ರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಿಮ್ಮದೇ. ಪಿನ್ ಗೊತ್ತಿರೋ ತಮ್ಮ ಗೇಮಲ್ಲಿ ಖರ್ಚು ಮಾಡಿದ್ರೆ ಅದನ್ನ ವಂಚನೆ ಅಂತ ದೂರು ಕೊಡೋಕೆ ಹೋಗಬೇಡಿ, ಅದು ಮನೆ ಪಂಚಾಯ್ತಿ.

ಈ ಮಾತುಗಳನ್ನ ಮನೇಲಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ದುಡ್ಡು ಹೋದದ್ದಕ್ಕಿಂತ ಬೈತಾರೆ ಅನ್ನೋ ಹೆದರಿಕೆಗೇ ಮುಚ್ಚಿಟ್ಟು ಆ 48 ಗಂಟೆ, ಆ 3 ದಿನ ಎರಡನ್ನೂ ಕಳ್ಕೋತಾರೆ. ಬೈಗುಳ ಒಂದು ಸಂಜೆ ಇರುತ್ತೆ.

ಐಫೋನ್ ಇರೋ ಒಂದಿಬ್ಬರು ಶ್ರೀಮಂತರು ಡಿಎಂ ಮಾಡಿದ್ರು, ನಮಗೇನು ಅಂತ. ಆಪಲ್ 2022ರಲ್ಲೇ ಇಲ್ಲಿ ಕಾರ್ಡ್ ತಗೊಳ್ಳೋದು ನಿಲ್ಲಿಸಿ ಯುಪಿಐ, ನೆಟ್‌ಬ್ಯಾಂಕಿಂಗ್, ಆಪಲ್ ಬ್ಯಾಲೆನ್ಸ್ ಇಟ್ಟಿತು. ನಿಮಗೂ ಅದೇ ಮಾತು: ಬ್ಯಾಲೆನ್ಸಿಗೆ ಬೇಕಾದಷ್ಟೇ ಹಾಕಿ, ಯುಪಿಐ ತೆಗೆದುಬಿಡಿ. ಸೆಟ್ಟಿಂಗ್ಸಲ್ಲಿ ನಿಮ್ಮ ಹೆಸರು ಒತ್ತಿದ್ರೆ ‘ಸಬ್‌ಸ್ಕ್ರಿಪ್ಶನ್ಸ್’ ಸಿಗುತ್ತೆ.

ಈಗ ಅಮ್ಮನ ಯುಪಿಐ ಆ್ಯಪ್ ತೆಗೆದು ಆಟೋಪೇ ಪಟ್ಟಿ ನೋಡಿ. ಎಷ್ಟು ಮ್ಯಾಂಡೇಟ್ ಇತ್ತು, ಎಷ್ಟು ತೆಗೆದ್ರಿ ಅಂತ ಬರೀ ಸಂಖ್ಯೆ ಕಾಮೆಂಟ್ ಮಾಡಿ. ಆ್ಯಪ್ ಹೆಸರು ಬೇಡ, ಯಾರ ಅಕೌಂಟು ಅಂತಲೂ ಬೇಡ.